ಇಟಾಲೋ ರೈಲು ರಿವ್ಯೂ: ಒಂದೇ ಹಳಿ, ಎರಡು ಕಂಪನಿ, ಟಿಕೆಟ್ ರೇಟ್ ಹಿಂದಿನ ಕಥೆ

ಇಟಲಿಗೆ ಓದೋಕೆ ಬರೋ ಹುಡುಗ್ರು, ಟೂರಿಗೆ ಬರೋ ಫ್ಯಾಮಿಲಿಗಳು ಎಲ್ರೂ ಕೇಳೋದು ಒಂದೇ, ರೋಮಿಂದ ಮಿಲಾನ್‌ಗೆ ಪ್ರೈವೇಟ್ ಕಂಪನಿಯ ಹೈಸ್ಪೀಡ್ ರೈಲು ಇಟಾಲೋ ಬುಕ್ ಮಾಡೋದಾ ಅಥವಾ ಸರ್ಕಾರಿ ಕಂಪನಿ ಟ್ರೆನಿಟಾಲಿಯಾದ ಹೈಸ್ಪೀಡ್ ರೈಲು ಫ್ರೆಚ್ಚಾರೊಸ್ಸಾನಾ ಅಂತ. ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಎರಡೂ ಆಪ್ ಓಪನ್ ಮಾಡಿ, ಯಾವುದ್ರಲ್ಲಿ ಕಮ್ಮಿ ಇದೆಯೋ ಅದು ತಗೊಳ್ಳಿ, ರೇಟ್ ಒಂದೇ ಇದ್ರೆ ನಾನು ಇಟಾಲೋ ತಗೋತೀನಿ. ಆದ್ರೆ ಹಿಂಗೆ ಎರಡು ಆಪ್ ಪಕ್ಕಪಕ್ಕ ಇಟ್ಕೊಂಡು ಆರಿಸ್ಕೊಳ್ಳೋ ಅವಕಾಶ ಯೂರೋಪಲ್ಲೂ ಎಲ್ಲಾ ಕಡೆ ಇಲ್ಲ, ಅದು ಇಲ್ಲಿಗೆ ತಾನಾಗೇ ಬಂದಿದ್ದೂ ಅಲ್ಲ, ಅದು ಹೆಂಗೆ ಬಂತು ಅಂತ ಗೊತ್ತಾದ್ರೆ ನಿಮ್ಮ ಟಿಕೆಟ್ ಮೇಲಿರೋ ರೇಟ್ ಯಾಕೆ ಅಷ್ಟಿದೆ ಅಂತಾನೂ ಗೊತ್ತಾಗುತ್ತೆ, ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ ಇದೆ.

ಮೊದ್ಲು ರೈಲಿನ ವಿಷ್ಯ. ಇಟಾಲೋ ಹತ್ರ ಎರಡು ಥರದ ರೈಲಿದೆ. ಹಳೇದು ಎಜಿವಿ, ಫ್ರಾನ್ಸಿನ ಆಲ್ಸ್ಟಮ್ ಕಂಪನಿ ಮಾಡಿದ್ದು, ಕಡುಗೆಂಪು ಬಣ್ಣ, ಗಂಟೆಗೆ 300 ಕಿಮೀ ಓಡುತ್ತೆ. ಇನ್ನೊಂದು ಇವೋ, ಅದು 2017ರ ಕೊನೇಲಿ ಬಂತು, 250ರ ಮೇಲೆ ಹೋಗಲ್ಲ. ಸಿಕ್ಕಿದ್ರೆ ಎಜಿವಿ ಹತ್ತಿ. ಹನ್ನೊಂದು ಬೋಗಿ, ಚಕ್ರದ ಸೆಟ್‌ಗಳು ಬಹುಪಾಲು ಎರಡು ಬೋಗಿ ಸೇರೋ ಜಾಯಿಂಟ್ ಕೆಳಗೇ ಇರೋದ್ರಿಂದ ಬೋಗಿ ಮಧ್ಯದಲ್ಲಿ ಕೂತ್ರೆ ಕಾಲ ಕೆಳಗೆ ಗಡಗಡ ಅನ್ನೋದೇ ಇಲ್ಲ. ಮೋಟಾರನ್ನ ರೈಲಿನ ಉದ್ದಕ್ಕೂ ಹಂಚಿದಾರೆ, ಮುಂದೆ ಬೇರೆ ಇಂಜಿನ್ ಅಂತಿಲ್ಲ. ಸ್ಮಾರ್ಟ್ ಅನ್ನೋ ಅತಿ ಕಮ್ಮಿ ಕ್ಲಾಸಲ್ಲೂ ಲೆದರ್ ಸೀಟು, ಎರಡು ಪ್ಲಸ್ ಎರಡು, ಚಾರ್ಜಿಂಗ್ ಸಾಕೆಟ್, ಫ್ರೀ ವೈಫೈ. ಪ್ರೀಮಾ ತಗೊಂಡ್ರೆ ಎರಡು ಪ್ಲಸ್ ಒಂದು ಸೀಟು, ಒಂದು ಕಾಫಿ, ಒಂದು ಸ್ನ್ಯಾಕ್ ಕೊಡ್ತಾರೆ. ಸ್ಮಾರ್ಟ್ ಸಾಕು, ಮೂರು ಗಂಟೆ ಪ್ರಯಾಣಕ್ಕೆ ಅದಕ್ಕಿಂತ ಜಾಸ್ತಿ ಬೇಕಾಗಲ್ಲ. ಊಟ ಮಾತ್ರ ನಿಮ್ಮದೇ, ಸ್ಮಾರ್ಟಲ್ಲಿ ವೆಂಡಿಂಗ್ ಮಷೀನ್ ಬಿಟ್ರೆ ಹೇಳ್ಕೊಳ್ಳೋ ಅಂಥದ್ದೇನೂ ಇಲ್ಲ, ಡಬ್ಬೀಲಿ ಚಿತ್ರಾನ್ನ ತಗೊಂಡೋಗಿ ತಿಂದ್ರೆ ಯಾರೂ ತಿರುಗಿ ನೋಡಲ್ಲ.

ದಾರಿ ಬಗ್ಗೆ ಹೇಳ್ಲೇಬೇಕು. ರೋಮಿಂದ ಫ್ಲಾರೆನ್ಸ್ ತನಕ ಹಳೇ ದಿರೆತ್ತಿಸ್ಸಿಮಾ ಲೈನು, 1992ರಲ್ಲಿ ಪೂರ್ತಿ ಆಗಿದ್ದು, ಅಲ್ಲಿ 250 ಸ್ಪೀಡು, ಗುಡ್ಡದ ನೆತ್ತಿ ಮೇಲೆ ಓರ್ವಿಯೇತೋ ಊರು ಕಂಡು ಹಂಗೇ ಮಾಯ ಆಗುತ್ತೆ. ಫ್ಲಾರೆನ್ಸಿಂದ ಬೊಲೋನ್ಯಾ 2009ರ ಡಿಸೆಂಬರಲ್ಲಿ ಶುರುವಾದ ಲೈನು, ಸುಮಾರು 78 ಕಿಮೀ, ಅದರಲ್ಲಿ 73 ಕಿಮೀ ಸುರಂಗ. ಅಪೆನ್ನೀನ್ ಬೆಟ್ಟದ ಹೊಟ್ಟೆಯೊಳಗೇ ಹೋಗಿ ಬೊಲೋನ್ಯಾ ಸ್ಟೇಷನ್ನಿನ ನೆಲದಡಿ ಪ್ಲಾಟ್‌ಫಾರ್ಮಲ್ಲಿ ನಿಲ್ಲುತ್ತೆ, ಹೊರಗಡೆ ನೋಡೋಕೆ ಏನೂ ಇರಲ್ಲ. ಬೊಲೋನ್ಯಾ ದಾಟಿದ್ಮೇಲೆ ಪೋ ನದಿ ಬಯಲು, ಚಪ್ಪಟೆ ಗದ್ದೆ, ಇಲ್ಲಿ ರೈಲು 300 ಮುಟ್ಟುತ್ತೆ. ಮೋದೆನಾ ಆದ್ಮೇಲೆ ಎ1 ಹೈವೇ ಪಕ್ಕದಲ್ಲೇ ಬರುತ್ತೆ, ಅದರಲ್ಲಿ 130ರಲ್ಲಿ ಹೋಗ್ತಿರೋ ಕಾರುಗಳು ಹಿಂದಕ್ಕೆ ಜಾರಿದ ಹಂಗೆ ಕಾಣುತ್ತೆ. ರೆಜ್ಜೋ ಎಮಿಲಿಯಾ ಹತ್ರ ಬಿಳಿ ಸ್ಟೀಲ್ ಚೌಕಟ್ಟುಗಳನ್ನ ಅಲೆ ಥರ ಜೋಡಿಸಿರೋ ಕಲಾತ್ರಾವಾ ಡಿಸೈನಿನ ಸ್ಟೇಷನ್ ಇದೆ, ನಿಲ್ಲದೆ ಹೋಗೋ ರೈಲಾದ್ರೆ ಅದು ಕಣ್ಣಿಗೆ ಸಿಗೋದು ಕ್ಷಣ ಮಾತ್ರ, ಕಿಟಕಿ ಕಡೆ ಕೂತಿರಿ.

ಈಗ ರೇಟಿಗೆ ಬರೋಣ. ಕೆಲವು ವಾರ ಮುಂಚೆ ಬುಕ್ ಮಾಡಿದ್ರೆ ರೋಮ್-ಮಿಲಾನ್ ಸ್ಮಾರ್ಟ್ ಕ್ಲಾಸ್ ಸುಮಾರು 30ರಿಂದ 50 ಯೂರೋಗೆ ಸಿಗುತ್ತೆ, ಕೊನೇ ಗಳಿಗೇಲಿ ತಗೊಂಡ್ರೆ ಅದರ ಡಬ್ಬಲ್ಲೋ ಇನ್ನೂ ಮೇಲೋ. ಎರಡೂ ಕಂಪನಿಯವ್ರು ಒಬ್ಬರ ರೇಟ್ ಇನ್ನೊಬ್ರು ನೋಡ್ಕೊಂಡೇ ಹಾಕ್ತಾರೆ. ಇಟಾಲೋ ಓಡೋಕೆ ಶುರು ಮಾಡಿದ್ದು 2012ರ ಏಪ್ರಿಲ್ 28ಕ್ಕೆ. ಅವತ್ತಿನ ತನಕ ಈ ಹೈಸ್ಪೀಡ್ ಹಳಿ ಮೇಲೆ ಸರ್ಕಾರದ ಟ್ರೆನಿಟಾಲಿಯಾ ಒಂದೇ. ಒಂದೇ ಹೈಸ್ಪೀಡ್ ಲೈನಲ್ಲಿ ಎರಡು ಕಂಪನಿ ಪೈಪೋಟಿಗೆ ಬಿದ್ದಿದ್ದು ಯೂರೋಪಲ್ಲಿ ಇದೇ ಮೊದಲು.

ಇದಕ್ಕೆ ಕಾನೂನಿನ ಬೇರು 1991ರದ್ದು. ಹಳಿ ನೋಡ್ಕೊಳ್ಳೋ ಲೆಕ್ಕ ಬೇರೆ, ರೈಲು ಓಡಿಸೋ ಲೆಕ್ಕ ಬೇರೆ ಇರ್ಬೇಕು ಅಂತ ಆ ವರ್ಷ ಯೂರೋಪಿಯನ್ ಸಮುದಾಯ ಒಂದು ಡೈರೆಕ್ಟಿವ್ (ಸದಸ್ಯ ದೇಶಗಳೆಲ್ಲ ಪಾಲಿಸ್ಬೇಕಾದ ನಿಯಮ) ತಂತು, 91/440 ಅಂತ ಅದರ ನಂಬರು. ಆಮೇಲೆ ಒಂದರ ಹಿಂದೆ ಒಂದು ರೈಲ್ವೆ ಪ್ಯಾಕೇಜ್, ಅಂದ್ರೆ ಇಂಥ ಕಾನೂನುಗಳ ಕಟ್ಟು, ನಾಲ್ಕನೇದು 2016ರಲ್ಲಿ ಪಾಸಾಗಿ, ದೇಶದೊಳಗಿನ ಪ್ಯಾಸೆಂಜರ್ ರೈಲಿಗೂ 2020ರ ಡಿಸೆಂಬರಿಂದ ಪೈಪೋಟಿ ಬಾಗಿಲು ತೆಗೀತು. ಇಟಲಿ ಆ ಬಾಗಿಲನ್ನ ಅದಕ್ಕೂ ತುಂಬಾ ಮೊದ್ಲೇ ತೆಗ್ದಿತ್ತು, ಹಂಗಾಗಿ ಲೂಕಾ ಕೋರ್ದೆರೊ ದಿ ಮೊಂತೆಜೆಮೊಲೊ (ಫೆರಾರಿ ಛೇರ್ಮನ್ ಆಗಿದ್ದವ್ರು), ಶೂ ಬಿಸಿನೆಸ್ಸಿನ ದಿಯೇಗೊ ದೆಲ್ಲಾ ವಾಲ್ಲೆ ಇವರೆಲ್ಲ ಸೇರಿ 2006ರಲ್ಲೇ ಎನ್‌ಟಿವಿ ಅನ್ನೋ ಕಂಪನಿ ಕಟ್ಟೋಕಾಯ್ತು. ಇಟಾಲೋ ಅನ್ನೋದು ಅದರ ರೈಲಿನ ಹೆಸರು.

ಪರ್ಮಿಶನ್ ಸಿಕ್ಕಿದ ಮಾತ್ರಕ್ಕೆ ಪೈಪೋಟಿ ನ್ಯಾಯವಾಗಿ ನಡೆಯುತ್ತೆ ಅಂತೇನಿಲ್ಲ, ನನಗೆ ಈ ಕಥೆ ಮನಸ್ಸಿಗೆ ಹತ್ರ ಆಗೋದು ಇಲ್ಲಿಂದಾನೇ. ಇಟಲಿಯಲ್ಲಿ ಹಳಿ ಆರ್‌ಎಫ್‌ಐ ಅನ್ನೋ ಕಂಪನಿ ಕೈಲಿದೆ. ಟ್ರೆನಿಟಾಲಿಯಾ ಮತ್ತೆ ಆರ್‌ಎಫ್‌ಐ ಎರಡೂ ಸರ್ಕಾರದ ಎಫ್‌ಎಸ್ ಗ್ರೂಪಿನ ಮಕ್ಕಳು. ಹೈವೇನೂ ಟೋಲ್ ಗೇಟೂ ಬಸ್ ಸ್ಟ್ಯಾಂಡೂ ಎಲ್ಲ ಕೆಎಸ್‌ಆರ್‌ಟಿಸಿ ಮನೆಯವ್ರದ್ದೇ ಆಗಿದ್ದು, ಅದೇ ರೋಡಲ್ಲಿ ಪ್ರೈವೇಟ್ ಬಸ್ಸಿನವನು ಅವರಿಗೇ ಟೋಲ್ ಕಟ್ಟಿ ಅವರ ಜೊತೇನೇ ರೇಸಿಗಿಳಿದ್ರೆ ಹೆಂಗಿರುತ್ತೆ, ಇದೂ ಹಂಗೇ.

ಶುರುನಲ್ಲಿ ಇಟಾಲೋಗೆ ರೋಮಿನ ದೊಡ್ಡ ಸ್ಟೇಷನ್ ತೆರ್ಮಿನಿ ಇರ್ಲಿಲ್ಲ, ಮಿಲಾನಿನ ಚೆಂತ್ರಾಲೆನೂ ಇರ್ಲಿಲ್ಲ. ರೋಮಲ್ಲಿ ತಿಬುರ್ತೀನಾ ಮತ್ತೆ ಓಸ್ತಿಯೆನ್ಸೆ, ಮಿಲಾನಲ್ಲಿ ಪೋರ್ತಾ ಗಾರಿಬಾಲ್ದಿ. ಓಸ್ತಿಯೆನ್ಸೆನಲ್ಲಿ ಪ್ಲಾಟ್‌ಫಾರ್ಮ್ ಪಕ್ಕದ ಕಟ್ಟಡದಲ್ಲೇ ಇಟಾಲೋ ಟಿಕೆಟ್ ಆಫೀಸು, ವೇಟಿಂಗ್ ಹಾಲು ಮಾಡಿತ್ತು, ಆದ್ರೆ ಅದಕ್ಕೂ ಪ್ಲಾಟ್‌ಫಾರ್ಮಿಗೂ ಮಧ್ಯ ಕಬ್ಬಿಣದ ಬೇಲಿ. ರೈಲು ಕಣ್ಣೆದುರಿಗೇ ನಿಂತಿದ್ರೂ ಸೂಟ್‌ಕೇಸ್ ಎಳ್ಕೊಂಡು ಸುತ್ತು ಹಾಕ್ಕೊಂಡು ಅಂಡರ್‌ಪಾಸಲ್ಲಿ ಇಳಿದು ಹತ್ತಿ ಹೋಗ್ಬೇಕು. 2012ರಲ್ಲಿ ಆ ಬೇಲಿ ಇಡೀ ದೇಶಕ್ಕೆ ಸುದ್ದಿ ಆಯ್ತು. ಪ್ಯಾಸೆಂಜರ್ ಪಾಲಿಗೆ ಪೈಪೋಟಿ ಕಾನೂನು ಅಂದ್ರೆ ಇಂಥ ಬೇಲಿ ಇರುತ್ತಾ ಹೋಗುತ್ತಾ ಅನ್ನೋದೇ, ಯೂರೋಪಿನ ಕಾನೂನು ಮಾಡೋ ಬ್ರಸೆಲ್ಸಲ್ಲಿ ಏನು ಬರ್ದಿದಾರೆ ಅನ್ನೋದು ಅವನಿಗೆ ಗೊತ್ತಾಗೋದು ಹಿಂಗೇ. ಆಮೇಲೆ 2013ರಲ್ಲಿ ಇಟಲಿಯ ಕಾಂಪಿಟಿಶನ್ ಅಥಾರಿಟಿ ಎಫ್‌ಎಸ್ ಗ್ರೂಪ್ ಮೇಲೆ ತನಿಖೆ ಶುರು ಮಾಡ್ತು, ಮುಂದಿನ ವರ್ಷ ಗ್ರೂಪ್ ಕೆಲವು ಬದಲಾವಣೆ ಮಾಡ್ತೀವಿ ಅಂತ ಒಪ್ಕೊಂಡ ಮೇಲೆ ಮುಗಿಸ್ತು. ಈಗ ತೆರ್ಮಿನಿನಲ್ಲೂ ಚೆಂತ್ರಾಲೆನಲ್ಲೂ ಒಂದೇ ಬೋರ್ಡಿನ ಮೇಲೆ ಎರಡೂ ಕಂಪನಿ ರೈಲು ಒಂದರ ಕೆಳಗೊಂದು ಕಾಣುತ್ತೆ.

ಇಟಾಲೋಗಿಂತ ಮುಂಚೆ ಪ್ರಯತ್ನ ಪಟ್ಟ ಅರೇನಾವೇಸ್ ಅನ್ನೋ ಸಣ್ಣ ಕಂಪನಿಗೆ ಈ ಅದೃಷ್ಟ ಇರ್ಲಿಲ್ಲ. 2010ರ ಕೊನೇಲಿ ತುರಿನ್-ಮಿಲಾನ್ ಮಧ್ಯೆ ರೈಲು ಬಿಟ್ರು, ಆದ್ರೆ ನಡುವಿನ ಊರುಗಳಲ್ಲಿ ನಿಲ್ಲಿಸೋಕೆ ಬಿಡ್ಲಿಲ್ಲ, ಸರ್ಕಾರ ದುಡ್ಡು ಕೊಟ್ಟು ಓಡಿಸೋ ರೈಲಿಗೆ ಹೊಡೆತ ಬೀಳುತ್ತೆ ಅನ್ನೋ ಕಾರಣಕ್ಕೆ. ನಡುವೆ ನಿಲ್ದೇ ಇರೋ ಪ್ಯಾಸೆಂಜರ್ ರೈಲಿಗೆ ಜನ ಎಲ್ಲಿಂದ ಬರ್ತಾರೆ, 2011ರಲ್ಲಿ ಮುಚ್ಚಿಹೋಯ್ತು. ಆಗ ತೀರ್ಮಾನ ತಗೊಂಡ ರೈಲ್ವೆ ರೆಗ್ಯುಲೇಟರ್ (ಕಂಪನಿಗಳ ಮೇಲೆ ಕಣ್ಣಿಟ್ಟು ನಿಯಮ ಹಾಕೋ) ಆಫೀಸು ಇದ್ದಿದ್ದೇ ಸಾರಿಗೆ ಮಂತ್ರಾಲಯದ ಒಳಗೆ.

ಆಟ ಬದಲಾಗಿದ್ದು ಸ್ವತಂತ್ರ ರೆಗ್ಯುಲೇಟರ್ ಬಂದ್ಮೇಲೆ. ಎಆರ್‌ಟಿ ಅಂತ ಅದರ ಹೆಸರು, ಆಫೀಸು ತುರಿನಲ್ಲಿ, ಖರ್ಚು ನಡೆಯೋದು ಸಾರಿಗೆ ಕಂಪನಿಗಳಿಂದಾನೇ ವಸೂಲಾಗೋ ಚಂದಾ ಮೇಲೆ, ಮಂತ್ರಿಗಳ ಕೈಕೆಳಗೆ ಇಲ್ಲ. ರೈಲು ಹಳಿ ಮೇಲೆ ಓಡೋ ಪ್ರತಿ ಕಿಲೋಮೀಟರಿಗೂ ಕಂಪನಿ ಆರ್‌ಎಫ್‌ಐಗೆ ಟೋಲ್ ಕಟ್ಬೇಕು, ಹೈಸ್ಪೀಡ್ ಲೈನಲ್ಲಿ ಅದು ಕಿಮೀಗೆ ಸುಮಾರು 13 ಯೂರೋ ಇತ್ತು. 2014ರ ನವೆಂಬರಲ್ಲಿ ಎಆರ್‌ಟಿ ಅದನ್ನ 8.2ಕ್ಕೆ ಇಳಿಸ್ತು. ಇದನ್ನ ನಿಮ್ಮ ಸೀಟಿಗೆ ಲೆಕ್ಕ ಹಾಕಿ ನೋಡಿ. ರೋಮ್-ಮಿಲಾನ್ ಸುಮಾರು 560 ಕಿಮೀ, ಒಂದು ಟ್ರಿಪ್ಪಿಗೆ 7,200 ಯೂರೋ ಆಸುಪಾಸು ಕಟ್ತಿದ್ದವ್ರು 4,600 ಕಟ್ಟೋ ಹಂಗಾಯ್ತು. ಉಳಿದಿದ್ದು 2,600. ಎಜಿವಿನಲ್ಲಿ 460ರ ಹತ್ರ ಸೀಟು, ರೈಲು ಫುಲ್ ಇದ್ರೂ ತಲೆಗೆ ಐದಾರು ಯೂರೋ, ಅರ್ಧ ಖಾಲಿ ಇದ್ರೆ ಹನ್ನೊಂದರ ಮೇಲೆ. 30 ಯೂರೋ ಟಿಕೆಟಲ್ಲಿ ಇದು ಸಣ್ಣ ಮೊತ್ತ ಅಲ್ಲವೇ ಅಲ್ಲ. ಶುರುವಿನ ವರ್ಷಗಳಲ್ಲಿ ಲಾಸಿನಲ್ಲಿ ಮುಳುಗಿ ಸಾಲ ರಿಸ್ಟ್ರಕ್ಚರ್ ಮಾಡಿಸ್ಕೊಂಡಿದ್ದ ಇಟಾಲೋ ಇದಾದ್ಮೇಲೆ ಲಾಭಕ್ಕೆ ತಿರುಗ್ತು. 2018ರಲ್ಲಿ ಅಮೆರಿಕದ ಒಂದು ಇನ್‌ಫ್ರಾಸ್ಟ್ರಕ್ಚರ್ ಫಂಡ್ ಹತ್ತಿರ ಹತ್ತಿರ 200 ಕೋಟಿ ಯೂರೋ ಕೊಟ್ಟು ಕಂಪನೀನ ತಗೊಳ್ತು, 2023ರಲ್ಲಿ ಹಡಗು ಕಂಪನಿ ಎಂಎಸ್‌ಸಿ ಅರ್ಧ ಪಾಲು ತಗೊಳ್ಳೋಕೆ ಮುಂದೆ ಬಂತು.

ಇಲ್ಲಿ ನಾನು ಓದುಗರಿಗೆ ಒತ್ತಿ ಹೇಳೋದೊಂದಿದೆ. ಈ ಹಳಿ ಕಟ್ಟಿದ್ದು ಬಹುಪಾಲು ಜನರ ತೆರಿಗೆ ದುಡ್ಡಲ್ಲಿ. ಕಿಮೀಗೆ ಎಂಟು ಯೂರೋ ಟೋಲಿಂದ ಆ ಸುರಂಗ ಕೊರೆದ ಸಾಲ ತೀರಲ್ಲ, ಯೂರೋಪಿನ ನಿಯಮ ಇರೋದೂ ಹಾಗೇ, ರೈಲು ಓಡಿದ್ರಿಂದ ನೇರವಾಗಿ ಆಗೋ ಖರ್ಚು ಮೊದಲು ವಸೂಲಿ ಮಾಡಿ, ಅದರ ಮೇಲೆ ಮಾರ್ಕೆಟ್ ತಾಳೋ ಅಷ್ಟು ಮಾತ್ರ ಹಾಕಿ ಅಂತ. ಟೋಲ್ ಕಮ್ಮಿ ಇರೋದು ಸರೀನೇ ಅಂತ ನನ್ನ ಅಭಿಪ್ರಾಯ, ಟೋಲ್ ಜಾಸ್ತಿ ಮಾಡಿದ್ರೆ ಹೊಸಬರು ಬರಲ್ಲ, ಕಟ್ಟಿದ ಹಳಿ ಖಾಲಿ ಬಿದ್ದಿರುತ್ತೆ, ರೋಮ್-ಮಿಲಾನ್ ಜನ ಮತ್ತೆ ವಿಮಾನ ಹತ್ತುತಾರೆ. ಆದ್ರೆ ಆ ತೆರಿಗೆ ಕಟ್ಟಿದವ್ರಲ್ಲಿ ಈ ರೈಲನ್ನೇ ಹತ್ತದವ್ರೂ ಇದಾರೆ. ದಕ್ಷಿಣದ ಮತೆರಾ ಊರು ನೋಡಿ, 2019ರಲ್ಲಿ ಯೂರೋಪಿನ ಸಾಂಸ್ಕೃತಿಕ ರಾಜಧಾನಿ ಅಂತ ಮೆರೆದ ಊರು, ಅಲ್ಲಿಗೆ ರಾಷ್ಟ್ರೀಯ ರೈಲ್ವೆ ಜಾಲದ ಹಳೀನೇ ಮುಟ್ಟಿಲ್ಲ, ಫೆರ್ರಾಂದೀನಾ ಕಡೆಯಿಂದ ದಶಕಗಳ ಹಿಂದೆ ಶುರುಮಾಡಿದ ಲೈನು ಅರ್ಧಕ್ಕೇ ನಿಂತು ಈಗ ಮತ್ತೆ ಕೆಲಸ ನಡೀತಿದೆ. ಎರಡು ಕಂಪನಿ ಜಗಳ ಆಡ್ಕೊಂಡು ರೇಟ್ ಇಳಿಸೋದು ದುಡ್ಡು ಹುಟ್ಟೋ ಲೈನಲ್ಲಿ ಮಾತ್ರ, ಮತೆರಾಗೆ ಹಳಿ ಹಾಕೋದು ಸರ್ಕಾರಾನೇ.

ಲಾಭ ಇಲ್ಲದ ಲೋಕಲ್ ರೈಲಿಗೂ ಪೈಪೋಟಿ ತರೋಕೆ ಬೇರೆ ದಾರಿ ಇದೆ. ಎಮಿಲಿಯಾ-ರೊಮಾನ್ಯಾ ಪ್ರದೇಶ ಸರ್ಕಾರ ತನ್ನ ಲೋಕಲ್ ರೈಲುಗಳಿಗೆ ಟೆಂಡರ್ ಕರೀತು, ಗೆದ್ದವರಿಗೆ ಸಬ್ಸಿಡಿ, ಬದಲಿಗೆ ಹೊಸ ರೈಲು ತರ್ಬೇಕು ಅನ್ನೋ ಕಂಡೀಶನ್ನು. ಗೆದ್ದಿದ್ದು ಟ್ರೆನಿಟಾಲಿಯಾ ಮತ್ತೆ ಅಲ್ಲಿನ ಸಾರಿಗೆ ಕಂಪನಿ ಟಿಪೆರ್ ಜೋಡಿ. ಸರ್ಕಾರಿ ಕಂಪನೀನೇ ಗೆದ್ರೂ 2019ರಿಂದ ರಾಕ್, ಪಾಪ್ ಅನ್ನೋ ಹೊಸ ರೈಲು ಬಂದ್ವು. ಬೊಲೋನ್ಯಾ ಸುತ್ತಮುತ್ತ ಹೋಗೋರು ಡಬಲ್ ಡೆಕ್ಕರ್ ರಾಕ್ ಹತ್ತಿ ನೋಡಿ, ಸೀಟು, ಏಸಿ, ಸೈಕಲ್ ಇಡೋ ಜಾಗ ಎಲ್ಲಾ ಚೆನ್ನಾಗಿದೆ. ನನ್ನ ಕೇಳಿದ್ರೆ ದಿನಾ ಕೆಲಸಕ್ಕೆ ಓಡಾಡೋ ಜನಕ್ಕೆ ಇಟಾಲೋಗಿಂತ ಈ ಟೆಂಡರೇ ಜಾಸ್ತಿ ಉಪಕಾರ ಮಾಡಿದೆ.

ಹಳಿಗೆ ಮಾತ್ರ ಪೈಪೋಟಿ ಇಲ್ಲ ಅನ್ನೋದು 2024ರ ಅಕ್ಟೋಬರ್ 2ಕ್ಕೆ ಎಲ್ರಿಗೂ ಗೊತ್ತಾಯ್ತು. ರೋಮಲ್ಲಿ ಕರೆಂಟ್ ಫೇಲಾಗಿ ಬೆಳಗಿನ ಹೊತ್ತು ರೈಲೆಲ್ಲ ನಿಂತ್ವು, ಕೆಲಸದವ್ರು ಕೇಬಲ್ಲಿಗೆ ಹೊಡೆದ ಒಂದು ಮೊಳೆಯಿಂದ ಹಿಂಗಾಯ್ತು ಅಂತ ಸಾರಿಗೆ ಮಂತ್ರಿ ಸಾಲ್ವೀನಿ ಹೇಳಿದ್ರು, ರೈಲು ಯಾವ ಕಂಪನಿದಾದ್ರೂ ಅವತ್ತು ಒಂದೇ ಗತಿ.

ಬುಕ್ ಮಾಡೋರಿಗೆ ಕೆಲವು ಮಾತು. ಲೋ ಕಾಸ್ಟ್ ಟಿಕೆಟ್ ತಗೊಂಡ್ರೆ ಡೇಟ್ ಪಕ್ಕಾ ಇರ್ಲಿ, ವಾಪಸ್ ಬರೋ ದುಡ್ಡು ಅಂತ ನಂಬ್ಕೋಬೇಡಿ, ಪ್ಲಾನ್ ಅಲ್ಲಾಡೋ ಹಂಗಿದ್ರೆ ಎಕಾನಮಿ ಅಥವಾ ಫ್ಲೆಕ್ಸ್. ಒಂದು ಗಂಟೆ ಲೇಟಾದ್ರೆ 25 ಪರ್ಸೆಂಟು, ಎರಡು ಗಂಟೆ ದಾಟಿದ್ರೆ 50 ಪರ್ಸೆಂಟು ದುಡ್ಡು ವಾಪಸ್ ಕೇಳೋಕೆ ಯೂರೋಪಿನ ರೂಲಲ್ಲೇ ಹಕ್ಕಿದೆ, ಬಿಡ್ಬೇಡಿ. ಲೋಕಲ್ ರೈಲು ಟ್ರೆನಿಟಾಲಿಯಾದ್ದು, ಮುಂದಿನದು ಇಟಾಲೋ ಅಂತ ಬೇರೆ ಬೇರೆ ಟಿಕೆಟ್ ಇದ್ರೆ, ಮೊದಲನೇದು ಲೇಟಾಗಿ ಎರಡನೇದು ತಪ್ಪಿದಾಗ ನಷ್ಟ ನಿಮ್ಮದೇ, ಮಧ್ಯ ಒಂದು ಗಂಟೆಯಾದ್ರೂ ಬಿಟ್ಕೊಳ್ಳಿ. ತೆರ್ಮಿನಿ, ಚೆಂತ್ರಾಲೆ ಎರಡರಲ್ಲೂ ಪ್ಲಾಟ್‌ಫಾರ್ಮಿಗೆ ಹೋಗೋ ಗೇಟಲ್ಲಿ ಟಿಕೆಟ್ ತೋರಿಸ್ಬೇಕು, ಕಳಿಸೋಕೆ ಬಂದವ್ರು ಹೊರಗೇ ಉಳೀತಾರೆ, ಲಗೇಜ್ ಎತ್ತೋಕೆ ಆಗದ ಅಪ್ಪ ಅಮ್ಮ ಜೊತೆಗಿದ್ರೆ ಇದನ್ನ ಮೊದ್ಲೇ ಯೋಚನೆ ಮಾಡಿ. ಶೋಪೆರೋ, ಅಂದ್ರೆ ಸ್ಟ್ರೈಕು, ಇದೆಯಾ ಅಂತ ಹಿಂದಿನ ದಿನ ಚೆಕ್ ಮಾಡಿ, ಸ್ಟ್ರೈಕ್ ದಿನ ಓಡೋ ರೈಲುಗಳ ಪಟ್ಟಿ ಕಂಪನಿಗಳ ಸೈಟಲ್ಲಿರುತ್ತೆ. ಮತೆರಾ ನೋಡೋ ಆಸೆ ಇರೋರಿಗೆ ಇಟಾಲೋ ಸಾಲೆರ್ನೋ ತನಕ ರೈಲು, ಅಲ್ಲಿಂದ ತನ್ನದೇ ಬಸ್ಸು ಅಂತ ಒಂದೇ ಟಿಕೆಟಲ್ಲಿ ಮಾರುತ್ತೆ, ನಿಮ್ಮ ದಿನಕ್ಕೆ ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಬಾರಿ ಅನ್ನೋ ಊರಿನ ತನಕ ಹೋಗಿ ಅಪ್ಪುಲೊ ಲೂಕಾನೆ ಕಂಪನಿಯ 950 ಮಿಲಿಮೀಟರ್ ನ್ಯಾರೋಗೇಜ್ ರೈಲು ಹಿಡೀರಿ, ನಿಧಾನ ಹೋಗುತ್ತೆ, ಆದ್ರೆ ಮತೆರಾ ಊರೊಳಗೇ ಇಳಿಸುತ್ತೆ.