ಗೋವಾ ಕ್ಲಬ್ ಪಾಸ್‌ಗೆ ರೊಕ್ಕ ಹಾಕೋ ಮೊದಲು ಇದನ್ನೊಂದು ಓದ್ರಿ

ನಿನ್ನೆ ರಾತ್ರಿ ನಮ್ಮ ಕ್ರಿಕೆಟ್ ಗ್ರೂಪಿನಲ್ಲಿ ಒಬ್ಬ, ನಮಗೆ ಟೋಪಿ ಹಾಕಿದ ಗೋವಾ ಕ್ಲಬ್ ಪಾಸಿನ ಆ ಪೋಸ್ಟರ್ ಮತ್ತೆ ಹಾಕಿದ. ಅದೇ ನೀಲಿ ಬಣ್ಣ, ಅದೇ ತೆಂಗಿನ ಮರ, ಅದೇ ‘ನಾಲ್ಕು ಮಂದಿಗೆ ₹12,000, ಎಲ್ಲಾ ಅನ್‌ಲಿಮಿಟೆಡ್’. ತಾರೀಖು ಮಾತ್ರ ಬೇರೆ. ನೋಡಿ ಹೊಟ್ಟೆ ಉರೀತು, ಅದಕ್ಕೇ ಬರೀತಿದ್ದೀನಿ.

ಬೆಳಗಾವಿಯವರಿಗೆ ಗೋವಾ ಅಂದ್ರೆ ಹಿತ್ತಲು ಇದ್ದಂಗ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಮೂರು ತಾಸಿನಲ್ಲಿ ಅಲ್ಲಿ. ಹಿಂಗಾಗಿ ಹೋಗೋ ಮುಂದ ಯಾರೂ ಎರಡು ಸಲ ವಿಚಾರ ಮಾಡೋದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಸಿಕ್ಕ, ಕ್ಲಬ್ ಪಾಸ್ ಮಾರೋ ‘ಪ್ರಮೋಟರ್’ ಒಬ್ಬನಿಗೆ ನಾವು ನಾಲ್ಕು ಮಂದಿ ಸೇರಿ ಪೂರ್ತಿ ದುಡ್ಡು ಫೋನ್‌ಪೇ ಮಾಡಿದೆವು. ವಾಗಾತೋರ್ ಕಡೆಯ ಒಂದು ಕ್ಲಬ್, 2025ರ ಡಿಸೆಂಬರ್ 27, ಶನಿವಾರ. ಐದು ನಿಮಿಷದಲ್ಲಿ ಕ್ಯೂಆರ್ ಕೋಡ್ ಇದ್ದ ಪಾಸ್ ಬಂತು. ದುಡ್ಡು ಹೋದದ್ದು ಕ್ಲಬ್ಬಿನ ಹೆಸರಿಗಲ್ಲ, ಯಾವನೋ ಒಬ್ಬನ ಖಾತೆಗೆ. ಸ್ಕ್ರೀನ್ ಮೇಲೆ ಆ ಹೆಸರು ಕಂಡಿತ್ತು. ಕಂಡೂ ಒತ್ತಿದೆವು.

ಅದೇ ಡಿಸೆಂಬರ್ 6ರ ರಾತ್ರಿ ಗೋವಾದ ಅರ್ಪೋರಾದಲ್ಲಿ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತ ಸುದ್ದಿ ನಮಗೆ ಗೊತ್ತಿರಲಿಲ್ಲ ಅಂತಲ್ಲ. ಸತ್ತವರಲ್ಲಿ ಹೆಚ್ಚಿನವರು ಅಲ್ಲೇ ದುಡಿಯುತ್ತಿದ್ದ ಹುಡುಗರು. ಆಮೇಲೆ ಗೋವಾ ಸರ್ಕಾರ ಎಚ್ಚೆತ್ತು ಒಂದೊಂದೇ ಕ್ಲಬ್ಬಿಗೆ ಹೊಕ್ಕು ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ಒಪ್ಪಿಗೆ ಪತ್ರ) ಎಲ್ಲಿ, ಲೈಸೆನ್ಸ್ ಎಲ್ಲಿ ಅಂತ ಕೇಳತೊಡಗಿತು. ಇಲ್ಲದವರಿಗೆ ಬೀಗ. ಇದನ್ನೂ ಟಿವಿಯಲ್ಲಿ ನೋಡಿದ್ದೆವು. ಆದರೆ ‘ಆ ಕ್ಲಬ್ ಬ್ಯಾರೆ, ನಮ್ಮದು ಬ್ಯಾರೆ’ ಅನ್ನೋದು ನಮ್ಮ ಲೆಕ್ಕ.

ರಾತ್ರಿ ಎಂಟೂವರೆಗೆ ಗೇಟಿನ ಮುಂದೆ ನಿಂತೆವು. ದೀಪ ಇಲ್ಲ, ಸದ್ದಿಲ್ಲ. ಚಿಲಕಕ್ಕೆ ದಾರ ಸುತ್ತಿ ಅದರ ಮೇಲೆ ಅರಗು ಒತ್ತಿದ್ದರು, ಪಕ್ಕದಲ್ಲಿ ಅಂಟಿಸಿದ ಬಿಳಿ ಕಾಗದದ ಒಂದು ಮೂಲೆ ಗಾಳಿಗೆ ಬಿಚ್ಚಿ ಪಟಪಟ ಅನ್ನುತ್ತಿತ್ತು. ಗೇಟಿಗೆ ಆತು ಒಂದು ನಾಯಿ ಮಲಗಿತ್ತು. ನಾವು ಮೊಬೈಲ್ ಬೆಳಕಿನಲ್ಲಿ ಆ ಕಾಗದ ಓದುತ್ತಿದ್ದಾಗ ಕುರ್ಚಿ ಮೇಲೆ ಕೂತಿದ್ದ ವಾಚ್‌ಮನ್ ಹಿಂದಿಯಲ್ಲಿ ಬಂದ್ ಅಂದ. ನಾವು ನಮ್ಮೊಳಗೆ ಮಾತಾಡಿದ್ದು ಕೇಳಿ ಎದ್ದು ಬಂದ: ‘ಯಾವೂರ್ರೀ ನಿಮ್ದು?’ ಮುದ್ದೇಬಿಹಾಳ ಕಡೆಯವ.

‘ಸೀಲ್ ಬಿದ್ದು ಹತ್ತು ದಿನದ ಮ್ಯಾಲೆ ಆತ್ರಿ. ದಿನಾ ಸಂಜೀಕ ನಿಮ್ಮಂಥಾವ್ರು ಇಂಥಾದ ಪಾಸ್ ಹಿಡ್ಕೊಂಡ ಬರ್ತಾರ. ನಿನ್ನಿ ಹುಬ್ಬಳ್ಳಿ ಗಾಡಿ, ಮೊನ್ನಿ ಪುಣಾದ್ದು. ನನಗ ಬೈದು ಹೋಗ್ತಾರ. ಪಗಾರ ಆಗಿಲ್ಲ ಅನ್ನೂದು ಯಾರಿಗಿ ಹೇಳ್ಲಿ?’

ಲೆಕ್ಕ ಹಾಕಿದೆ. ನಾವು ದುಡ್ಡು ಹಾಕಿದ್ದು ಡಿಸೆಂಬರ್ 22ಕ್ಕೆ. ಅಂದರೆ ಬೀಗ ಬಿದ್ದ ಮೇಲೇ ಆ ಪುಣ್ಯಾತ್ಮ ನಮಗೆ ಪಾಸ್ ಮಾರಿದ್ದ! ಸರ್ಕಾರದ ಮೇಲೆ ನನಗೆ ಸಿಟ್ಟಿಲ್ಲ. 25 ಜೀವ ಹೋಗೋ ಮೊದಲೇ ಈ ಬೀಗ ಹಾಕಬೇಕಿತ್ತು ಅನ್ನೋದಷ್ಟೇ ನನ್ನ ತಕರಾರು. ಪ್ರಮೋಟರ್‌ಗೆ ಫೋನ್ ಹಚ್ಚಿದೆ. ಒಮ್ಮೆ ರಿಂಗ್ ಆಯ್ತು, ಆಮೇಲೆ ಸ್ವಿಚ್ ಆಫ್.

ಬಂದದ್ದು ಬಂದೇವಿ ಅಂತ ಇನ್ನೊಂದು ಓಪನ್ ಏರ್ ಜಾಗಕ್ಕೆ ಹೋದೆವು. ಅಲ್ಲಿ ಮತ್ತೆ ಎಂಟ್ರಿ ದುಡ್ಡು. ಹತ್ತಕ್ಕೆ ಸರಿಯಾಗಿ ಸಂಗೀತ ಬಂದ್. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಬಾರದು ಅನ್ನೋದು 2000ನೇ ಇಸವಿಯ ನಿಯಮ, ಹೊಸದೇನಲ್ಲ. ಈಗ ಪಾಲಿಸ್ತಾ ಇದ್ದಾರೆ, ಅಷ್ಟೇ. ಹತ್ತೂಕಾಲಿಗೆ ಮಾಪುಸಾ ರಸ್ತೆಯಲ್ಲಿ ಆಮ್ಲೆಟ್ ಪಾವ್ ತಿಂದೆವು. ಆ ದಿನ ಕೊಟ್ಟ ರೊಕ್ಕಕ್ಕೆ ತಕ್ಕ ಮಾಲು ಸಿಕ್ಕಿದ್ದು ಅದೊಂದೇ.

ಮಾರನೇ ದಿನ ಗೆಳೆಯನೊಬ್ಬ ‘ಇಷ್ಟು ದುಡ್ಡು ಹಾಳಾತು, ಎರಡು ಬಾಟಲಿಯಾದ್ರೂ ಒಯ್ಯೋಣ’ ಅಂದ. ಬೇಡ ಅಂದೆ. ಗೋವಾದ ಸರಕು ಅಬಕಾರಿಯವರ ಕೈಗೆ ಸಿಕ್ಕರೆ ಮತ್ತೊಂದು ಕಥೆ ಶುರು.

ಊರಿಗೆ ಬಂದು ಆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ತೆರೆದದ್ದು ಅದೇ ಪ್ರಮೋಟರ್‌ನ ವಾಟ್ಸಾಪ್. ಕ್ಲಬ್ಬಿನ ಹೆಸರೂ ಇಲ್ಲ, ಬುಕಿಂಗ್ ನಂಬರೂ ಇಲ್ಲ. ಇದೊಂದು ಕೆಲಸ ಮನೆಯಲ್ಲೇ ಕೂತು ಮಾಡಿದ್ದರೆ ಹನ್ನೆರಡು ಸಾವಿರ ಉಳೀತಿತ್ತು. ನೀವು ಮಾಡ್ರಿ. ಪಾಸ್ ತೋರಿಸುವವನನ್ನು ಬಿಟ್ಟು ಕ್ಲಬ್ಬಿಗೇ ನೇರ ಫೋನ್ ಹಚ್ಚಿ, ಈ ವಾರ ತೆರೆದೈತೇನು ಅಂತ ಕೇಳ್ರಿ. ಅಡ್ವಾನ್ಸ್ ಹಾಕುವಾಗ ಮನುಷ್ಯನ ಹೆಸರು ಬಂದರೆ ಅಲ್ಲೇ ನಿಲ್ಲಿಸ್ರಿ. ಬಾಗಿಲಲ್ಲೇ ದುಡ್ಡು ಕೊಟ್ಟು ಒಳಗೆ ಹೋದರೂ ಹೊರಬರೋ ದಾರಿ ಎಷ್ಟಿದಾವೆ ಅಂತ ಒಮ್ಮೆ ಕಣ್ಣಾಡಿಸ್ರಿ. ನಾನೀಗ ಮದುವೆ ಹಾಲ್‌ನಲ್ಲೂ ನೋಡ್ತೀನಿ.

ಮೋಸ ಹೋದರೆ ಆ ಗಳಿಗೆಗೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ರಿ. ನಾನು ನಾಚಿಕೆಗೆ ಮೂರು ದಿನ ಸುಮ್ಮನಿದ್ದು ಆಮೇಲೆ ಮಾಡಿದೆ. ಅಷ್ಟರಲ್ಲಿ ಆ ಖಾತೆಯಲ್ಲಿ ಉಳಿದಿದ್ದು 41 ರೂಪಾಯಿ.