ಸುಡೊಕು, ಕೆನ್‌ಕೆನ್, ದೋಣಿ ಲೆಕ್ಕ, ಸುಳಿವಿನ ಕೋಷ್ಟಕ: ಪಾಠಕ್ಕೆ ಯಾವುದು ಒಗ್ಗುತ್ತದೆ?

ನಾಲ್ಕು ಮತ್ತು ಐದನೇ ತರಗತಿಗೆ ಕನ್ನಡ, ಗಣಿತ, ಪರಿಸರ ಅಧ್ಯಯನ ಮೂರನ್ನೂ ನಾನೇ ಕಲಿಸುತ್ತೇನೆ. ಹಾಗಾಗಿ ಯಾವುದೇ ಪಝಲ್ ಕೈಗೆ ಬಂದರೂ ನನ್ನದು ಒಂದೇ ಪ್ರಶ್ನೆ. ಇದನ್ನು ಬಿಡಿಸಲು ಮಗುವಿಗೆ ಪಾಠ ಗೊತ್ತಿರಲೇಬೇಕಾ, ಇಲ್ಲ ಪಾಠ ಸುಮ್ನೆ ಹೆಸರಿಗಾ?

ಎಲ್ಲರೂ ಮೊದಲು ಹಿಡಿಯುವುದು ಸುಡೊಕು: ಅಡ್ಡಸಾಲು, ಉದ್ದಸಾಲು, ಒಳಚೌಕ ಯಾವುದರಲ್ಲೂ ಒಂದೇ ಅಂಕಿ ಎರಡು ಸಲ ಬರದಂತೆ ಮನೆ ತುಂಬುವ ಆಟ. 1979ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಈ ಆಟಕ್ಕೆ ಈಗಿನ ಹೆಸರು ಸಿಕ್ಕಿದ್ದು ಜಪಾನಿನಲ್ಲಿ. ಚಿಕ್ಕವರಿಗೆ 4×4 ಚೌಕ ಸಾಕು. ನಿಯಮ ಹೇಳಲು ಹೊತ್ತು ಹಿಡಿಯುವುದಿಲ್ಲ, ಓದಲು ತಡವರಿಸುವ ಮಗುವೂ ಖುಷಿಯಿಂದ ಬಿಡಿಸುತ್ತದೆ. ಆದರೆ ಇದರಲ್ಲಿ ಲೆಕ್ಕವೇ ಇಲ್ಲ ಅಲ್ವಾ? ಅಂಕಿಗಳ ಜಾಗದಲ್ಲಿ ನಾಲ್ಕು ಹಣ್ಣಿನ ಚಿತ್ರ ಇಟ್ಟರೂ ಆಟ ಅದೇ. ಕ, ಮ, ಲ, ರ ಹಾಕಿ ಪಾಠ ಯೋಜನೆಯಲ್ಲಿ 'ಭಾಷಾ ಚಟುವಟಿಕೆ' ಎಂದು ಬರೆದುಕೊಳ್ಳಬಹುದು, ಅದರಿಂದ ಯಾರಿಗೂ ಕನ್ನಡ ಬರುವುದಿಲ್ಲ. ತಾಳ್ಮೆ ಬರುತ್ತದೆ, ಅಷ್ಟೇ.

ಗಣಿತಕ್ಕೆ ಕೆನ್‌ಕೆನ್ ಎಷ್ಟೋ ಮೇಲು. 2004ರಲ್ಲಿ ಇದನ್ನು ರೂಪಿಸಿದ ಜಪಾನಿನ ಟೆಟ್ಸುಯಾ ಮಿಯಾಮೊಟೊ ಸ್ವತಃ ಗಣಿತದ ಮೇಷ್ಟ್ರು. ಅದು ಆಟದಲ್ಲೇ ಕಾಣುತ್ತದೆ. ಇಲ್ಲೂ ಅಡ್ಡಸಾಲಿನಲ್ಲಾಗಲಿ ಉದ್ದಸಾಲಿನಲ್ಲಾಗಲಿ ಒಂದೇ ಅಂಕಿ ಎರಡು ಸಲ ಬರಬಾರದು. ಜೊತೆಗೆ ಚೌಕದೊಳಗೆ ದಪ್ಪ ಗೆರೆ ಎಳೆದು ಎರಡು ಮನೆಗೆ '12×' ಎಂದು ಕೊಡುತ್ತಾರೆ, ಅಂದರೆ ಆ ಎರಡು ಅಂಕಿ ಗುಣಿಸಿದರೆ 12 ಬರಬೇಕು. 1ರಿಂದ 4ರೊಳಗೆ 12 ಬರಬೇಕಾದರೆ 3 ಮತ್ತು 4 ಮಾತ್ರ. ಮಗ್ಗಿಯನ್ನು ಹಿಂದುಮುಂದಾಗಿ ನೆನೆಯಬೇಕಾಗುತ್ತದೆ. '2÷' ಬಂದಾಗ ಇನ್ನೂ ಚೆನ್ನ. 1 ಮತ್ತು 2 ಆಗಬಹುದು, 2 ಮತ್ತು 4 ಕೂಡ ಆಗಬಹುದು. ಎರಡನ್ನೂ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದು, ಪಕ್ಕದ ಸಾಲು ನೋಡಿ ಒಂದನ್ನು ಅಳಿಸಬೇಕು. ಮಕ್ಕಳ ಜಗಳ ಶುರುವಾಗುವುದು ಇಲ್ಲೇ, ಆ ಜಗಳವೇ ನನಗೆ ಬೇಕಾದದ್ದು. ಒಂದೇ ತೊಂದರೆ: ಮಗ್ಗಿ ಗಟ್ಟಿ ಇಲ್ಲದವರು ಬೇಗ ಕೈಬಿಡುತ್ತಾರೆ. ಅವರಿಗೆ ಬರೀ ಕೂಡುವ, ಕಳೆಯುವ 3×3 ಚೌಕ ಕೊಡುತ್ತೇನೆ.

ದೋಣಿ ಲೆಕ್ಕ ನಿಮಗೆಲ್ಲ ಗೊತ್ತು. ಹುಲಿ, ಮೇಕೆ, ಹುಲ್ಲಿನ ಕಂತೆ. ಒಂದು ಸಲಕ್ಕೆ ಒಂದನ್ನೇ ದಾಟಿಸಬೇಕು, ದಡದಲ್ಲಿ ಬಿಟ್ಟುಹೋದವು ಒಂದನ್ನೊಂದು ತಿನ್ನಬಾರದು. ನೆಲದ ಮೇಲೆ ಚಾಕ್‌ನಲ್ಲಿ ಎರಡು ಗೆರೆ ಎಳೆದರೆ ಹೊಳೆ ರೆಡಿ. ಒಮ್ಮೆ ಉತ್ತರ ಗೊತ್ತಾದರೆ ಆಟ ಮುಗಿಯಿತು ಎನ್ನುವವರಿದ್ದಾರೆ, ನಿಜವೂ ಹೌದು. ಆದರೆ ಮಾರನೇ ದಿನ ಹಾವು, ಕಪ್ಪೆ, ಮಿಡತೆ ಎಂದು ಬದಲಿಸಿ ನೋಡಿ. ಯಾರು ಯಾರನ್ನು ತಿನ್ನುತ್ತಾರೆ ಎಂದು ಗೊತ್ತಿಲ್ಲದೆ ಹೆಜ್ಜೆ ಇಡಲಾಗದು. ಆಹಾರ ಸರಪಳಿ ತಾನಾಗಿ ಬಂತು. ಆಮೇಲೆ ಏಳು ದಾಟುಗಳನ್ನೂ 'ಮೊದಲು', 'ಆಮೇಲೆ', 'ವಾಪಸು ಬರುವಾಗ' ಎಂದು ನೋಟ್‌ಬುಕ್ಕಿನಲ್ಲಿ ಬರೆಸಿದರೆ ಕನ್ನಡ ಪೀರಿಯಡ್ಡೂ ಆಯಿತು.

ಒಗಟನ್ನು ಇವುಗಳ ಪಕ್ಕ ನಿಲ್ಲಿಸುವುದು ಸರಿಯಲ್ಲ. 'ಅಂಗಡಿಯಿಂದ ತರೋದು, ಮುಂದಿಟ್ಕೊಂಡು ಅಳೋದು' ಎಂದರೆ ಈರುಳ್ಳಿ ಥಟ್ಟನೆ ಹೊಳೆಯಬೇಕು. ಹೊಳೆಯದಿದ್ದರೆ ಹಂತಹಂತವಾಗಿ ಹೋಗಲು ದಾರಿಯಿಲ್ಲ. ಭಾಷೆಗೆ ಸೊಗಸು, ತರ್ಕಕ್ಕೆ ಕಡಿಮೆ.

ಎಲ್ಲ ವಿಷಯಕ್ಕೂ ಒಗ್ಗಿದ್ದು ಸುಳಿವಿನ ಕೋಷ್ಟಕ. ಒಂದು ಕಡೆ ಮಕ್ಕಳ ಹೆಸರು, ಇನ್ನೊಂದು ಕಡೆ ಊರು. ಹೌದಾದರೆ ಟಿಕ್, ಅಲ್ಲವಾದರೆ ಕತ್ತರಿ ಗುರುತು. ಮೊದಮೊದಲು 'ಯಾವ ನದಿ ಎಲ್ಲಿ ಹುಟ್ಟುತ್ತದೆ' ಎಂದೇ ಕೋಷ್ಟಕ ಮಾಡುತ್ತಿದ್ದೆ. ಗೊತ್ತಿದ್ದವರು ಸುಳಿವು ಓದದೆ ತುಂಬಿದರು. ಈಗ ಉತ್ತರವನ್ನು ಕಲ್ಪನೆಗೆ ಬಿಟ್ಟು, ಪಾಠವನ್ನು ಸುಳಿವಿನಲ್ಲಿ ಇಡುತ್ತೇನೆ. ಹೀಗೆ:

ರವಿ, ಸಲ್ಮಾ, ಗೌರಿ, ಜಾನ್ ಹಂಪಿ, ಬಾದಾಮಿ, ಜೋಗ, ತಲಕಾವೇರಿಗೆ ಹೋದರು. ಒಬ್ಬೊಬ್ಬರು ಒಂದೊಂದು ಕಡೆ. ಗೌರಿ ಶರಾವತಿ ಧುಮುಕುವುದನ್ನು ನೋಡಿ ಬಂದಳು. ಸಲ್ಮಾ ವಿಜಯನಗರದ ರಾಜಧಾನಿಗೂ ಹೋಗಲಿಲ್ಲ, ಚಾಲುಕ್ಯರ ರಾಜಧಾನಿಗೂ ಹೋಗಲಿಲ್ಲ. ರವಿ ಹೋದ ಊರು ತುಂಗಭದ್ರೆಯ ದಡದಲ್ಲಿಲ್ಲ.

ಇದಕ್ಕೆ ಇತಿಹಾಸ, ಭೂಗೋಳ ಎರಡೂ ಬೇಕು. ಅದಕ್ಕಿಂತ ಜಾಸ್ತಿ ಬೇಕಾಗುವುದು ವಾಕ್ಯವನ್ನು ಕೊನೆವರೆಗೆ ಓದುವ ಬುದ್ಧಿ. 'ಹೋಗಲಿಲ್ಲ' ಎಂಬುದನ್ನು ಗಮನಿಸದೆ ಟಿಕ್ ಹಾಕುವವರು ಪ್ರತಿ ಸಲ ಇರುತ್ತಾರೆ. ಹಾಗೆ ಹಾಕಿದವರ ಕೋಷ್ಟಕ ಮುಂದೆ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ತಪ್ಪು ಎಂದು ನಾನು ಹೇಳಬೇಕಾಗಿಲ್ಲ.

ಕಷ್ಟ ಇರುವುದು ತಯಾರಿಯಲ್ಲಿ. ಪಾಠಕ್ಕೆ ತಕ್ಕಂತೆ ನಾವೇ ಬರೆಯಬೇಕು, ಒಂದೇ ಉತ್ತರ ಬರುತ್ತದೆಯೇ ಎಂದು ನೋಡಬೇಕು. ಈಚೆಗೆ ಆ ಕೆಲಸವನ್ನು ಐದನೆಯವರಿಗೇ ಕೊಟ್ಟಿದ್ದೇನೆ. ಅವರು ಬರೆಯುತ್ತಾರೆ, ನಾಲ್ಕನೆಯವರು ಬಿಡಿಸುತ್ತಾರೆ. ಎರಡು ಉತ್ತರ ಬಂತೋ, ಹಾಳೆ ವಾಪಸ್ಸು: 'ಸುಳಿವು ಸಾಲದು, ಇನ್ನೊಂದು ಬರೀರಿ.'