ಎರಡು ಮಳೆಗಾಲ ದಾಟಿದ ಸೆಕೆಂಡ್ ಹ್ಯಾಂಡ್ ಫ್ಯಾಂಟಮ್ 3

ನಮ್ಮ ತೋಟ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಎಂಟು ಎಕರೆ ರೊಬಸ್ಟಾ ಕಾಫಿ, ನಡುವೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು, ಕೆಳಗೆ ತೊರೆ ಹರಿಯುವ ಕೊಲ್ಲಿಯ ಪಕ್ಕ ಒಂಚೂರು ಗದ್ದೆ. ಎರಡು ವರ್ಷದ ಹಿಂದೆ ಮದುವೆ ಫೋಟೋ ತೆಗೆಯುವವರೊಬ್ಬರಿಂದ ಡಿಜೆಐ ಕಂಪನಿಯ ಫ್ಯಾಂಟಮ್ 3 ಸ್ಟ್ಯಾಂಡರ್ಡ್ ಡ್ರೋನ್ ತಗೊಂಡೆ. 14 ಸಾವಿರ ಕೊಟ್ಟೆ. ಡ್ರೋನ್, ರಿಮೋಟ್, ಎರಡು ಬ್ಯಾಟರಿ, ಒಂದು ಒಡೆದ ಥರ್ಮಾಕೋಲ್ ಪೆಟ್ಟಿಗೆ. "ಹಾರುತ್ತೆ ಸಾರ್, ಸ್ವಲ್ಪ ಕೆಲಸ ಇದೆ ಅಷ್ಟೇ" ಅಂದರು. ಆ ಸ್ವಲ್ಪ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಇದು 2015ರ ಮಾಡೆಲ್. ತೂಕ 1216 ಗ್ರಾಂ, 12 ಮೆಗಾಪಿಕ್ಸೆಲ್ ಕ್ಯಾಮೆರಾ, 2.7ಕೆ ವಿಡಿಯೋ. ಹೊಸ ಬ್ಯಾಟರಿ ಇದ್ದರೆ 25 ನಿಮಿಷ ಹಾರುತ್ತದೆ ಅಂತ ಲೆಕ್ಕ. ಮುಂದೆ ಮರ ಇದೆ ಅಂತ ಗೊತ್ತಾಗುವ ಸೆನ್ಸರ್ ಇದಕ್ಕಿಲ್ಲ. ನೋಡಬೇಕಾದವರು ನಾವೇ.

ಮೊದಲು ಬ್ಯಾಟರಿ ವಿಷಯ, ಏಕೆಂದರೆ ದುಡ್ಡು ಹೋಗಿದ್ದೆಲ್ಲ ಅಲ್ಲಿಗೇ. ಬ್ಯಾಟರಿಯನ್ನು ಡ್ರೋನಿನ ಹೊಟ್ಟೆಗೆ ತಳ್ಳಿದರೆ ಟಕ್ ಅಂತ ಕೂತು ಅಂಚು ಸಮ ಆಗಬೇಕು. ಒಂದು ಹಾಗೆ ಕೂತಿತು. ಇನ್ನೊಂದು ಅಕ್ಕಿಕಾಳಿನಷ್ಟು ಹೊರಗೆ ಉಳಿಯಿತು. ಬೆರಳಿನಿಂದ ಒತ್ತಿದರೆ ಬದಿ ಮೆತ್ತಗಿತ್ತು. ಅಂದರೆ ಉಬ್ಬಿದೆ. ವರ್ಷಗಟ್ಟಲೆ ಚಾರ್ಜ್ ಮಾಡದೆ ಅಟ್ಟದಲ್ಲಿ ಬಿದ್ದಿದ್ದ ಲಿಥಿಯಂ ಪಾಲಿಮರ್ ಬ್ಯಾಟರಿ ಇನ್ನೇನಾಗುತ್ತದೆ? ಉಬ್ಬಿದ್ದನ್ನು ಚಾರ್ಜಿಗೆ ಹಾಕಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ನಾನು ಅದನ್ನು ಮರಳಿನ ಡಬ್ಬದಲ್ಲಿಟ್ಟು, ಮೈಸೂರಿಗೆ ಹೋದಾಗ ಇ-ವೇಸ್ಟ್ ತಗೊಳ್ಳುವವರಿಗೆ ಕೊಟ್ಟೆ.

ಸರಿಯಾಗಿ ಕೂತಿದ್ದೂ ಒಳಗೆ ಸರಿ ಇರಲಿಲ್ಲ. ಡ್ರೋನ್ ಹಾರಿಸುವ ಫೋನ್ ಆ್ಯಪ್‌ನಲ್ಲಿ ಬ್ಯಾಟರಿಯ ನಾಲ್ಕು ಸೆಲ್ಲಿನ ವೋಲ್ಟೇಜ್ ಬೇರೆ ಬೇರೆ ತೋರಿಸುತ್ತದೆ. ಮೂರು ಸೆಲ್ 3.8ರ ಹತ್ತಿರ ಇದ್ದರೆ ಒಂದು 3.5ಕ್ಕೆ ಜಾರುತ್ತಿತ್ತು. ನಾಲ್ಕು ಎತ್ತಿನಲ್ಲಿ ಒಂದು ಕುಂಟಿದರೆ ಗಾಡಿ ಎಷ್ಟು ದೂರ ಹೋಗುತ್ತೆ? ಕೊಳ್ಳುವಾಗಲೇ ಆ ಪರದೆ ತೆಗೆದು ನೋಡಬೇಕಿತ್ತು. ನೋಡಲಿಲ್ಲ. ಆಮೇಲೆ ಆನ್‌ಲೈನಿನಲ್ಲಿ ಒಂದು ನಕಲಿ ಬ್ಯಾಟರಿ ತರಿಸಿದೆ. ಅದು 30 ಪರ್ಸೆಂಟ್ ತೋರಿಸುತ್ತಲೇ ಧಡಕ್ಕನೆ ಇಳಿದು ಗದ್ದೆಯ ಕೆಸರಿನಲ್ಲಿ ಕೂತಿತು. ಮಾರಿದವರು ಫೋನ್ ಎತ್ತಲೇ ಇಲ್ಲ. ಮುಂದಿನ ಸಲ ಜಾಸ್ತಿ ದುಡ್ಡು ಕೊಟ್ಟು ತಗೊಂಡಿದ್ದು ಇವತ್ತಿಗೂ 16 ನಿಮಿಷ ಹಾರಿಸುತ್ತದೆ. ಒಟ್ಟು ಬ್ಯಾಟರಿಗೇ ಡ್ರೋನಿಗೆ ಕೊಟ್ಟಷ್ಟು ಹೋಯಿತು.

ಕ್ಯಾಮೆರಾ ಕುತ್ತಿಗೆ ಮುರಿದ ಕೋಳಿ ಥರ ಜೋತುಬಿದ್ದಿತ್ತು. ಹಿಂದೆ ಎಲ್ಲೋ ಬಿದ್ದು, ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಗಿಂಬಲ್‌ನ ರಿಬ್ಬನ್ ಕೇಬಲ್ ಹರಿದಿತ್ತು. ಕೇಬಲ್ ಬೆಲೆ ಏನೂ ಅಲ್ಲ, 700 ರೂಪಾಯಿ. ಕಷ್ಟ ಇರುವುದು ಹಾಕುವುದರಲ್ಲಿ. ಕುಶಾಲನಗರದಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ ಮೂರು ಗಂಟೆ ಕೂತು ಸುತ್ತಿದ. "ಅಣ್ಣ, ಇನ್ನೊಂದ್ಸಲ ಬೀಳಿಸಿದ್ರೆ ನನ್ನ ಹತ್ರ ತರಬೇಡಿ" ಅಂದ. ಅವನು ಸುತ್ತಿದ ಮೇಲೂ ದಿಗಂತ ಕೂದಲೆಳೆಯಷ್ಟು ಎಡಕ್ಕೆ ವಾಲುತ್ತದೆ. ನನಗೆ ಪರವಾಗಿಲ್ಲ, ಮದುವೆ ಶೂಟ್ ಮಾಡುವವರಿಗೆ ಆಗಲ್ಲ.

ಇದರ ವಿಡಿಯೋ ಫೋನಿಗೆ ವೈಫೈ ಮೇಲೆ ಬರುತ್ತದೆ. ಹಾಗಾಗಿ ಮೊಬೈಲ್ ಡೇಟಾ ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಇಂಟರ್‌ನೆಟ್ ಇಲ್ಲ ಅಂತ ಫೋನ್ ಆ ವೈಫೈಯನ್ನೇ ಬಿಟ್ಟುಬಿಡುತ್ತದೆ. ನಾನು ತಮ್ಮನ ಹಳೇ ಆಂಡ್ರಾಯ್ಡ್ ಫೋನನ್ನು ಇದಕ್ಕೇ ಅಂತ ಇಟ್ಟಿದ್ದೇನೆ. ಅದರಲ್ಲಿ ಸಿಮ್ಮೇ ಇಲ್ಲ.

ಎಲ್ಲ ಜೋಡಿಸಿ ಕಣದಲ್ಲಿಟ್ಟರೆ ಪರದೆಯಲ್ಲಿ ಕೆಂಪು ಅಕ್ಷರ, ಕಂಪಾಸ್ ಸರಿಯಿಲ್ಲ ಅಂತ. ಡ್ರೋನನ್ನು ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿದೆ, ಮೂತಿ ಕೆಳಗೆ ಮಾಡಿ ಇನ್ನೊಂದು ಸುತ್ತು. ಮತ್ತೆ ಕೆಂಪು. ಆರು ಸಲ ತಿರುಗಿ ನನಗೇ ತಲೆ ಸುತ್ತಿತು. ಜಗಲಿಯಲ್ಲಿ ಕೂತಿದ್ದ ಚಿಕ್ಕಪ್ಪ "ಏನೋ ಅದು, ದೇವರು ಬಂತಾ?" ಅಂದರು. ಕೊನೆಗೆ ಹೊಳೆಯಿತು. ಕಣಕ್ಕೆ ಸಿಮೆಂಟ್ ಹಾಕಿಸುವಾಗ ಕೆಳಗೆ ಕಬ್ಬಿಣದ ಸರಳು ಕಟ್ಟಿಸಿದ್ದೆವು. ಗದ್ದೆ ಬದುವಿನ ಹುಲ್ಲಿನ ಮೇಲೆ ತಂದಿಟ್ಟೆ. ಒಂದೇ ಸಲಕ್ಕೆ ಹಸಿರು.

ಗುಡ್ಡದ ತೋಟದವರಿಗೆ ಇನ್ನೊಂದು ಮಾತು. ಪರದೆಯಲ್ಲಿ ಕಾಣುವ ಎತ್ತರ ನೀವು ಹಾರಿಸಿದ ಜಾಗದಿಂದ ಲೆಕ್ಕ. ಗದ್ದೆಯಿಂದ ಬಿಟ್ಟು 40 ಮೀಟರ್ ಅಂತ ಧೈರ್ಯವಾಗಿ ಮೇಲಿನ ತೋಟದ ಕಡೆ ಹೋದರೆ ಅಲ್ಲಿನ ಸಿಲ್ವರ್ ಓಕ್ ತುದಿ ಎದುರಿಗೇ ಇರುತ್ತದೆ. ಸಿಗ್ನಲ್ ತಪ್ಪಿದರೆ ಡ್ರೋನ್ ತಾನೇ ವಾಪಸ್ ಬರುವ ಎತ್ತರ 30 ಮೀಟರ್‌ಗೆ ಇತ್ತು. ಒಂದು ದಿನ ನಾನು ಕೊಲ್ಲಿಗೆ ಇಳಿದೆ, ಸಿಗ್ನಲ್ ಹೋಯಿತು, ಅದು ನೆಟ್ಟಗೆ ಮರಗಳ ಮಧ್ಯೆ ಬಂತು. ಚರ್ ಅಂತ ಸದ್ದು. ಹೇಗೋ ಇಳಿಯಿತು. ನೋಡಿದರೆ ಬಿಳಿ ಪ್ರೊಪೆಲ್ಲರಿನ ತುದಿಗೆ ಎಲೆಯ ಹಸಿರು ಬಳಿದಿತ್ತು. ಅವತ್ತೇ 80 ಮೀಟರ್ ಮಾಡಿದೆ. ಆ ಪ್ರೊಪೆಲ್ಲರ್ ಎಸೆದೆ. ಸಣ್ಣ ಬಿರುಕಿದ್ದರೂ ಮತ್ತೆ ಹಾಕಬಾರದು.

ಇಷ್ಟೆಲ್ಲ ಯಾಕೆ ಅಂತೀರಾ? ಈ ವರ್ಷ ಕಾಫಿ ಹೂ ಅರಳಿಸುವ ಮಳೆ ಕೈಕೊಟ್ಟಿತ್ತು. ಹೂವಿಗೆ ಅಂತ ಸ್ಪ್ರಿಂಕ್ಲರ್‌ನಲ್ಲಿ ನೀರು ಬಿಟ್ಟೆವು. ಒಂಬತ್ತನೇ ದಿನ ಬೆಳಿಗ್ಗೆ ಮಂಜು ಎದ್ದ ಮೇಲೆ ಹಾರಿಸಿದೆ. ನೆರಳಿನ ಮರಗಳ ಸಂದಿಯಲ್ಲಿ ತೋಟ ಪೂರ್ತಿ ಬಿಳಿ. ಮೇಲಿನ ಮೂಲೆಯಲ್ಲಿ ಮಾತ್ರ ಬಿಳಿ ಪಂಚೆಗೆ ತೇಪೆ ಹಾಕಿದ ಹಾಗೆ ಹಸಿರು. ಅಲ್ಲಿಗೆ ಸ್ಪ್ರಿಂಕ್ಲರ್ ಜೆಟ್ಟಿನ ನೀರು ತಲುಪಿಯೇ ಇರಲಿಲ್ಲ. ನಡೆದು ನೋಡಿದ್ದರೆ ಅರ್ಧ ದಿನ ಬೇಕಿತ್ತು, ಆದರೂ ಅಷ್ಟು ಸ್ಪಷ್ಟ ಕಾಣುತ್ತಿರಲಿಲ್ಲ. ಆ ಮೂಲೆಗೆ ಮತ್ತೆ ಪೈಪ್ ಎಳೆದು ನೀರು ಕೊಟ್ಟೆವು. ಡ್ರೋನ್ ಅಂದರೆ ಮೂಗು ಮುರಿಯುತ್ತಿದ್ದ ಚಿಕ್ಕಪ್ಪ ಈಗ "ಆ ಹೆಜ್ಜೇನು ಬಿಡೋ ಸ್ವಲ್ಪ" ಅಂತ ಅವರೇ ಕೇಳುತ್ತಾರೆ. ನಿಜವಾದ ಹೆಜ್ಜೇನು ಕಟ್ಟಿದ ಮರದ ಹತ್ತಿರ ಮಾತ್ರ ಹೋಗಬೇಡಿ. ಎದ್ದರೆ ಕೆಳಗೆ ಕೆಲಸ ಮಾಡುವವರ ಗತಿ ಏನು?

ಆನೆ ಬಂದಾಗ ಹಾರಿಸು ಅಂತ ಪಕ್ಕದ ತೋಟದವರು ಹೇಳುತ್ತಾರೆ. ನಾನು ಒಪ್ಪಿಲ್ಲ. ಬೆದರಿದ ಆನೆ ಯಾರ ಮನೆ ಕಡೆ ಓಡುತ್ತದೋ ಯಾರಿಗೆ ಗೊತ್ತು? ಕಾಡಿನ ಮೇಲಂತೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬಿಡಲೇಬಾರದು.

ಕಾಗದಪತ್ರ: 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂನಿಂದ 2 ಕೆಜಿವರೆಗಿನದು ಮೈಕ್ರೋ ವರ್ಗ. ಸ್ವಂತಕ್ಕೆ ಹಾರಿಸಿದರೆ ಪೈಲಟ್ ಸರ್ಟಿಫಿಕೇಟ್ ಬೇಡ, ಆದರೆ ನೋಂದಣಿ ಸಂಖ್ಯೆ ಬೇಕು. ಮೊದಲೇ ಅನುಮತಿ ಕೇಳಬೇಕಿಲ್ಲದ ಹಸಿರು ವಲಯದಲ್ಲಿ 400 ಅಡಿ ಎತ್ತರದ ಮಿತಿ. ನನಗೆ ಮಾರಿದವರು ಮೊದಲೇ ನೋಂದಣಿ ಮಾಡಿಸಿದ್ದರು, ನನ್ನ ಹೆಸರಿಗೆ ವರ್ಗಾಯಿಸಿಕೊಟ್ಟರು. ನೋಂದಣಿ ಇಲ್ಲದ್ದು ಅಗ್ಗಕ್ಕೆ ಸಿಕ್ಕರೂ ಬೇಡ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ, ಬಿಡಿಭಾಗಕ್ಕೆ ಇಲ್ಲ. ಹಳೆಯದನ್ನು ರಿಪೇರಿ ಮಾಡೋಣ ಅಂತ ನನಗೆ ಅನಿಸಿದ್ದಕ್ಕೆ ಅದೂ ಒಂದು ಕಾರಣ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ರಜೆ. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಸಲು ಬರುತ್ತದೆ, ಲೆನ್ಸ್ ಬಿಡುತ್ತದೆಯೇ? ಬೀರುವಿನಲ್ಲಿ ಸಣ್ಣ ಬಲ್ಬ್ ಉರಿಸಿ ಡ್ರೋನ್ ಇಡುತ್ತೇನೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬ್ಯಾಟರಿ ಅಲ್ಲಿಡಲ್ಲ, ಬಿಸಿ ಆಗುತ್ತದೆ. ಅರ್ಧ ಚಾರ್ಜಿನಲ್ಲಿ ಹೊರಗಿಟ್ಟು, ತಿಂಗಳಿಗೊಮ್ಮೆ ಬಟನ್ ಒತ್ತಿ ನಾಲ್ಕರಲ್ಲಿ ಎರಡು ದೀಪ ಹತ್ತುತ್ತವಾ ನೋಡುತ್ತೇನೆ.

ಹೋದ ವಾರ ಹಿಂದಿನ ಎಡಗಡೆ ಮೋಟಾರನ್ನು ಕೈಯಲ್ಲಿ ತಿರುಗಿಸಿದರೆ ಮರಳು ಸಿಕ್ಕಿದ ಹಾಗೆ ಕರಕರ ಅಂತು. ಉಳಿದ ಮೂರು ನುಣ್ಣಗಿವೆ. ಗದ್ದೆಗೆ ಬಿದ್ದ ದಿನದ ಕೆಸರು ಒಳಗೆ ಉಳಿದಿರಬೇಕು. ಹೊಸ ಮೋಟಾರ್ ತರಿಸಿದ್ದೇನೆ, ನಾಲ್ಕು ಸ್ಕ್ರೂ, ಮೂರು ವೈರ್ ಬೆಸುಗೆ. ಕುಶಾಲನಗರದ ಹುಡುಗನಿಗೆ ಫೋನ್ ಮಾಡಿ, ಬೀಳಿಸಿದ್ದಲ್ಲ ಮಾರಾಯ, ಸವೆದದ್ದು ಅಂತ ಮೊದಲೇ ಹೇಳಿದ್ದೇನೆ.